ತೊಂಬತ್ತು ನಕಲುಗಳ ನನ್ನ ಅಕ್ಕ

ನನ್ನ ಅಕ್ಕನಿಗೆ ಅವಳ ಕಚೇರಿಯಲ್ಲಿ ನಕಲಕ್ಕ ಎಂದು ಹೆಸರು. ಇಟ್ಟವರು ತಮಾಷೆಗೆ ಇಟ್ಟರೋ ಗೌರವಕ್ಕೆ ಇಟ್ಟರೋ ಗೊತ್ತಿಲ್ಲ, ಅವಳಂತೂ ಪದವಿ ಸಿಕ್ಕಿದವಳ ಹಾಗೆ ಅದನ್ನು ಇಪ್ಪತ್ತಾರು ವರ್ಷ ಹೊತ್ತು ತಿರುಗಿದಳು. ಕಟ್ಟಡಗಳ ನಕ್ಷೆ ಬರೆಯುವ ಮೂರಂತಸ್ತಿನ ಕಚೇರಿ ಅದು. ಮೇಲೆ ಎಂಜಿನಿಯರುಗಳು ಕೂತು ಶಾಲೆ, ಆಸ್ಪತ್ರೆ, ಗೋದಾಮುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದರು. ಕೆಳಗೆ, ಮೆಟ್ಟಿಲಿನ ಅಡಿಯ ಕೋಣೆಯಲ್ಲಿ ಅಕ್ಕ ಕೂತು, ಅವರು ಕಟ್ಟಿದ್ದನ್ನೆಲ್ಲ ದಿನವೂ ನಕಲು ಮಾಡಿ ಎತ್ತಿಡುತ್ತಿದ್ದಳು. ಯಾರದೋ ಕೈತಪ್ಪಿ ನಕ್ಷೆ ಅಳಿಸಿಹೋದರೆ, ಯಂತ್ರ ಕೈಕೊಟ್ಟರೆ, ದೊಡ್ಡ ದೊಡ್ಡ ಸಂಬಳದವರೆಲ್ಲ ಅವಳ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. ಅವಳು ಬೈದುಕೊಂಡೇ ತೆಗೆದುಕೊಡುತ್ತಿದ್ದಳು. ಇಲ್ಲ ಎಂದದ್ದು ಒಂದು ಸಲವೂ ಇಲ್ಲ.

ನಾನು ಹೊಲಿಗೆಯವಳು. ಕಂಪ್ಯೂಟರಿನ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಅಕ್ಕ ಕಿವಿಗೆ ಹಾಕಿದ್ದು. ನನ್ನ ಮನೆಯ ಮೇಲಿನ ಎರಡು ಕೋಣೆಯಲ್ಲಿ ಅವಳೂ ಅಮ್ಮನೂ ಇದ್ದರು. ಸಂಜೆ ಬಂದವಳು ನನ್ನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ನಾನು ಗುಂಡಿ ಹಾಕುತ್ತಿರುವಾಗ, ಆ ದಿನದ ನಕಲಿನ ಕಥೆ ಬಿಚ್ಚುತ್ತಿದ್ದಳು. ನನಗೆ ಅರ್ಥವಾಯಿತೋ ಇಲ್ಲವೋ ಎಂಬ ಚಿಂತೆ ಅವಳಿಗಿರಲಿಲ್ಲ. ಕೇಳಿ ಕೇಳಿ ನನಗೂ ಒಂದಿಷ್ಟು ತಲೆಗೆ ಹತ್ತಿತು.

ಮೊದಮೊದಲು ಎಲ್ಲವನ್ನೂ ಪ್ರತಿ ದಿನ ಹೊಸದಾಗಿ ಟೇಪಿಗೆ ಇಳಿಸುತ್ತಿದ್ದರಂತೆ. ಎಂಟು ಗಂಟೆ ಹಿಡಿಯುತ್ತಿತ್ತು. ಆಮೇಲೆ ಒಂದು ಜಾಣ ಸಲಕರಣೆ ಬಂತು. ಅದು ನಿನ್ನೆಯ ನಕಲನ್ನೂ ಇವತ್ತಿನ ಮೂಲವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬದಲಾದ ಕಡತಗಳನ್ನು ಮಾತ್ರ ನಕಲು ಮಾಡುತ್ತದೆ. ಬದಲಾಗಿದೆಯೋ ಇಲ್ಲವೋ ತಿಳಿಯಲು ಕಡತವನ್ನು ಪೂರ್ತಿ ಓದುವ ಗೋಜಿಗೂ ಹೋಗುವುದಿಲ್ಲ. ಅದರ ಗಾತ್ರ ಎಷ್ಟು, ಕೊನೆಗೆ ತಿದ್ದಿದ್ದು ಯಾವಾಗ, ಇವೆರಡನ್ನೇ ನೋಡುತ್ತದೆ. ಎರಡೂ ನಿನ್ನೆಯಂತೆಯೇ ಇದ್ದರೆ ಮುಂದಕ್ಕೆ ಹೋಗುತ್ತದೆ. ಬದಲಾಗದ ಕಡತವನ್ನು ಮತ್ತೆ ಇಳಿಸುವ ಬದಲು, ಹಳೆಯದಕ್ಕೇ ಇವತ್ತಿನ ತಾರೀಖಿನ ಇನ್ನೊಂದು ಹೆಸರು ಅಂಟಿಸುತ್ತದೆ. ಹೀಗೆ ಅಕ್ಕನ ಬಳಿ ಯಾವಾಗಲೂ ಹಿಂದಿನ ತೊಂಬತ್ತು ದಿನಗಳ ತೊಂಬತ್ತು ನಕಲು ಇರುತ್ತಿದ್ದವು. ಯಾವ ದಿನದ್ದನ್ನು ತೆರೆದರೂ ಇಡೀ ಕಚೇರಿ ಅದರೊಳಗೆ ಕೂತಿರುತ್ತಿತ್ತು, ಆದರೆ ತಿನ್ನುತ್ತಿದ್ದ ಜಾಗ ಮಾತ್ರ ಒಂದೂವರೆ ನಕಲಿನಷ್ಟು.

ನಾನು ಹೊಲಿಯುವುದು ನಿಲ್ಲಿಸಿ ಕೇಳಿದೆ, ಹಾಗಾದರೆ ಬದಲಾಗದ ಕಡತದ ಮಟ್ಟಿಗೆ ತೊಂಬತ್ತು ನಕಲಿಲ್ಲ, ಒಂದೇ ನಕಲಿಗೆ ತೊಂಬತ್ತು ಹೆಸರು, ಅಷ್ಟೇ ತಾನೆ? ಇದು ಜಿಪುಣತನ ಅಲ್ಲವಾ? ಉಳಿತಾಯ ಎಂದಳು. ಆಮೇಲೆ, ನಕಲಿನೊಳಗೆ ಹೋಗಿ ಯಾರೂ ತಿದ್ದಬಾರದು, ಒಂದನ್ನು ತಿದ್ದಿದರೆ ತೊಂಬತ್ತೂ ತಿದ್ದಿಹೋಗುತ್ತವೆ ಎಂದಳು. ತಿದ್ದುವವರು ಯಾರು, ಕೀಲಿ ಇರುವುದು ನಿನ್ನ ಹತ್ತಿರ ತಾನೆ ಎಂದು ನಾನು ಸೂಜಿಗೆ ದಾರ ಪೋಣಿಸಿದೆ.

ನನ್ನ ಅಕ್ಕನದು ನಂಬುವ ಜಾತಿಯಲ್ಲ, ಕನಿಷ್ಠ ಯಂತ್ರಗಳನ್ನು ನಂಬುವ ಜಾತಿಯಲ್ಲ. ಆದ್ದರಿಂದ ಅವಳವು ಇನ್ನೂ ಎರಡು ಕಟ್ಟಳೆ ಇದ್ದವು. ಒಂದು, ಹೊರಗಿನ ನಕಲು. ಕಚೇರಿಗೆ ಬೆಂಕಿ ಬಿದ್ದರೆ ಎಂದು ಒಂದು ಡಿಸ್ಕಿನಲ್ಲಿ ನಕಲುಗಳ ಇನ್ನೊಂದು ಸಂಸಾರವನ್ನೇ ತುಂಬಿಸಿ ನನ್ನ ಬಟ್ಟೆಯ ಬೀರುವಿನಲ್ಲಿ ಇಟ್ಟಿದ್ದಳು. ಶುಕ್ರವಾರ ಬೆಳಿಗ್ಗೆ ಒಯ್ದು, ಹೊಸದನ್ನು ಸೇರಿಸಿ, ಸಂಜೆ ವಾಪಸು ತರುತ್ತಿದ್ದಳು. ನನ್ನ ಕೈಗೆ ಬಿಟ್ಟು ಇನ್ಯಾರ ಕೈಗೂ ಕೊಡಬೇಡ ಎಂದು ಅವಳು ನನಗೆ ನೂರು ಸಲ ಹೇಳಿದ್ದಳು. ಎರಡು, ತಿಂಗಳ ಕೊನೆಯ ಹಾಳೆಗಳು. ಪ್ರತಿಯೊಂದು ಕಡತವನ್ನೂ ತುದಿಯಿಂದ ತುದಿಗೆ ಓದಿಸಿ, ಅದಕ್ಕೆ ನಲವತ್ತು ಅಕ್ಷರದ ಒಂದು ಗುರುತು ಲೆಕ್ಕ ಹಾಕಿಸಿ, ಅಚ್ಚು ಹಾಕಿ ಫೈಲಿಗೆ ಕಟ್ಟುತ್ತಿದ್ದಳು. ಮನುಷ್ಯನ ಬೆರಳಚ್ಚಿದ್ದ ಹಾಗೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ನಲವತ್ತೂ ಅಕ್ಷರ ಬೇರೆಯಾಗುತ್ತವೆ. ಕಾಗದ ದಂಡ ಎಂದು ಕಚೇರಿಯಲ್ಲಿ ನಗುತ್ತಿದ್ದರು.

ಮನುಷ್ಯರ ವಿಷಯಕ್ಕೆ ಬಂದರೆ ಇಷ್ಟು ಅಳೆದು ಸುರಿದು ನೋಡುವ ಬುದ್ಧಿ ಎಲ್ಲಿಗೆ ಹೋಗುತ್ತಿತ್ತೋ! ಎರಡನೆಯ ಅಂತಸ್ತಿನಲ್ಲಿ ಒಬ್ಬ ಎಂಜಿನಿಯರು ಇದ್ದ. ಕಚೇರಿಗೆ ಬಂದ ಹೊಸದರಲ್ಲಿ ಒಂದು ವಾರದ ಕೆಲಸ ಅಳಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು ಅಕ್ಕನ ಬಾಗಿಲಿಗೆ ಬಂದಿದ್ದನಂತೆ. ಅವಳು ಐದು ನಿಮಿಷದಲ್ಲಿ ತೆಗೆದುಕೊಟ್ಟಳು. ಅಂದಿನಿಂದ ಅಕ್ಕ ಅಕ್ಕ ಎಂದು ಹಿಂದೆ ಬಿದ್ದ. ಹತ್ತು ವರ್ಷ ಮಧ್ಯಾಹ್ನದ ಡಬ್ಬಿ ಅವಳ ಮೇಜಿನ ಮೇಲೇ ಬಿಚ್ಚಿದ. ನಾನು ಅವನಿಗೆ ಜೇನುಬಾಯಿ ಎಂದು ಹೆಸರಿಟ್ಟಿದ್ದೆ. ಹೊಟ್ಟೆಕಿಚ್ಚಾ ಎಂದು ಅಕ್ಕ ಕೇಳುತ್ತಿದ್ದಳು. ಹೌದು, ಹೊಟ್ಟೆಕಿಚ್ಚೇ. ಒಡಹುಟ್ಟಿದವಳು ನಾನಿದ್ದೇನೆ, ಬಾಯಿಮಾತಿನ ತಮ್ಮನ ವರ್ಣನೆಯನ್ನು ಸಂಜೆಯೆಲ್ಲ ಕೇಳುವುದೆಂದರೆ ಯಾರಿಗೆ ಉರಿಯುವುದಿಲ್ಲ?

ಎರಡು ವರ್ಷದ ಹಿಂದೆ ಅಮ್ಮನ ಸೊಂಟದ ಶಸ್ತ್ರಚಿಕಿತ್ಸೆ ಆಯಿತು. ಅಕ್ಕ ಮೂರು ವಾರ ಆಸ್ಪತ್ರೆಯಲ್ಲಿ ಕೂತಳು. ನಕಲು ನಿಲ್ಲಬಾರದಲ್ಲ, ಅದಕ್ಕೆ ಜೇನುಬಾಯಿಯನ್ನು ಕೂರಿಸಿ ಎಲ್ಲ ಕಲಿಸಿದಳು. ತನ್ನ ಹೆಸರು, ತನ್ನ ಗುಪ್ತಪದ ಕೊಟ್ಟಳು. ಒಂದನ್ನು ತಿದ್ದಿದರೆ ತೊಂಬತ್ತೂ ತಿದ್ದಿಹೋಗುತ್ತವೆ ಎಂಬ ಎಚ್ಚರಿಕೆಯನ್ನೂ ಕೊಟ್ಟಳು. ವಾಪಸು ಹೋದ ಮೇಲೆ ಗುಪ್ತಪದ ಬದಲಿಸಿದೆಯಾ ಎಂದು ನಾನೇ ಕೇಳಿದೆ. ತಮ್ಮನಿಗೆ ಕೊಟ್ಟ ಬೀಗದ ಕೈಯನ್ನು ಯಾರಾದರೂ ಕಿತ್ತುಕೊಳ್ಳುತ್ತಾರಾ ಎಂದು ನನ್ನ ಮೇಲೇ ರೇಗಿದಳು.

ಹೋದ ವರ್ಷ ಜೇನುಬಾಯಿ ಬರೆದ ಒಂದು ಶಾಲೆಯ ಮೆಟ್ಟಿಲು ಬಿತ್ತು. ಶಾಲೆ ಇನ್ನೂ ಕಟ್ಟುತ್ತಿದ್ದರು, ಆದ್ದರಿಂದ ಮಕ್ಕಳಿರಲಿಲ್ಲ. ಕಾಂಕ್ರೀಟು ಹಾಕಿ, ಆಧಾರದ ಕಂಬ ತೆಗೆದ ದಿನ ನಡುವಿನ ಹಾಸು ಕುಸಿದು ಕೆಳಗಿದ್ದ ಒಬ್ಬ ಗಾರೆಯವನ ಕಾಲು ಜಜ್ಜಿಹೋಯಿತು. ಒಡೆದು ನೋಡಿದರೆ ಒಳಗಿನ ಕಬ್ಬಿಣದ ಕಂಬಿಗಳು ತೀರಾ ದೂರದೂರ ಇದ್ದವು. ನೂರೈವತ್ತು ಮಿಲಿಮೀಟರಿಗೆ ಒಂದರಂತೆ ಇರಬೇಕಾದದ್ದು ಇನ್ನೂರೈವತ್ತಕ್ಕೆ ಒಂದರಂತೆ ಇತ್ತು. ಕಂಬಿ ಕಟ್ಟಿದವನು, ನಕ್ಷೆಯಲ್ಲಿ ಇನ್ನೂರೈವತ್ತು ಅಂತಲೇ ಇತ್ತು, ನಾನು ನೋಡಿ ಕಟ್ಟಿದ್ದು ಎಂದ. ಜೇನುಬಾಯಿ, ನಾನು ನೂರೈವತ್ತು ಅಂತಲೇ ಬರೆದದ್ದು ಎಂದ. ಕೆಲಸದ ಜಾಗಕ್ಕೆ ಕಳಿಸಿದ್ದ ಒಂದೇ ಒಂದು ಹಾಳೆ ಸಿಮೆಂಟಿನ ನೀರಲ್ಲಿ ನೆನೆದು, ಅಂಕಿಯಿದ್ದ ಜಾಗದಲ್ಲೇ ತೂತು ಬಿದ್ದಿತ್ತು. ಕಂಬಿಯವನನ್ನು ಪೊಲೀಸರು ಹಿಡಿದುಕೊಂಡು ಹೋದರು. ನಕ್ಷೆಯ ಬಗ್ಗೆ ಅವನು ಹೇಳಿದ ಮಾತು ಸುಳ್ಳಾದರೆ ಅವನಿಗೆ ಜೈಲು.

ಸುದ್ದಿ ಬಂದ ದಿನ ಜೇನುಬಾಯಿ ಅಕ್ಕನ ಕೋಣೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದನಂತೆ. ಅಲ್ಲಿ ನಾಲ್ಕು ಜನ ಇದ್ದರು. ಎಲ್ಲರ ಎದುರಿಗೇ ಅಕ್ಕ ಹೇಳಿದಳು:

"ಹೆದರ್ಬೇಡ ಕಣೋ. ನೀನು ಸರಿಯಾಗಿ ಬರೆದಿದ್ರೆ ಸಾಕು, ಉಳಿದದ್ದು ನಾನು ನೋಡ್ಕೋತೀನಿ."

ಅವಳು ಹೇಳಿದ್ದರ ಅರ್ಥ, ನಕ್ಷೆ ಕಳಿಸಿದ ದಿನದ ನಕಲು ನನ್ನ ಬಳಿ ಇದೆ, ತೆರೆದು ತೋರಿಸುತ್ತೇನೆ ಎಂದು. ಅಷ್ಟು ಬಿಟ್ಟರೆ ಬೇರೆ ಅರ್ಥ ಅವಳ ಬಾಯಲ್ಲಿ ಹುಟ್ಟುವುದಿಲ್ಲ.

ಮಾರನೆಯ ದಿನ, ಮಂಗಳವಾರ, ಹನ್ನೊಂದು ಗಂಟೆಗೆ ಜೇನುಬಾಯಿ ನನ್ನ ಮನೆಗೆ ಬಂದ. ಅಕ್ಕ ಡಿಸ್ಕು ತರಲು ಕಳಿಸಿದ್ದಾರೆ, ವಿಚಾರಣೆಗೆ ಬೇಕಂತೆ ಎಂದ. ನಾನು ಅನುಮಾನಿಸಿದೆ. ಆಗ ಅವನು ನನ್ನನ್ನು ಚಿಕ್ಕಕ್ಕ ಎಂದು ಕರೆದ. ಹತ್ತು ವರ್ಷದಲ್ಲಿ ಮೊದಲ ಸಲ. ನನ್ನ ಯಂತ್ರದ ಬೆಲ್ಟು ಸಡಿಲವಾಗಿದ್ದದ್ದನ್ನು ಕೂತು ಬಿಗಿ ಮಾಡಿಕೊಟ್ಟ. ಹತ್ತು ವರ್ಷ ಜೇನುಬಾಯಿ ಜೇನುಬಾಯಿ ಎಂದು ಆಡಿಕೊಂಡವಳು ಒಂದು ತೊಟ್ಟು ಜೇನಿಗೆ ಕರಗಿಹೋದೆ. ಬೀರು ತೆಗೆದು, ನನ್ನ ಕೈಯಾರೆ ಕೊಟ್ಟೆ. ಮೂರು ಗಂಟೆಗೆ ವಾಪಸು ತಂದ. ಅಕ್ಕನಿಗೆ ಸುಮ್ಮನೆ ತಲೆಬಿಸಿ, ನಾನು ಬಂದದ್ದನ್ನು ಎತ್ತಬೇಡಿ ಎಂದ. ಅಕ್ಕನೇ ಕಳಿಸಿದ್ದಾದರೆ ಎತ್ತಬಾರದೇಕೆ ಎಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ನೂರು ಸಲ ಹೇಳಿಸಿಕೊಂಡ ಮಾತು ಮೀರಿದ್ದೆನಲ್ಲ, ಬೈಗುಳಕ್ಕೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡೆ.

ವಿಚಾರಣೆಗೆ ಮೂರು ಜನರ ಸಮಿತಿ ಕೂತಿತು. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿ, ಅವರ ಎದುರಿಗೇ ನಕ್ಷೆ ಕಳಿಸಿದ ದಿನದ ನಕಲು ತೆರೆದಳು. ನೂರೈವತ್ತು. ಅದರ ಮಾರನೆಯ ದಿನದ್ದು ತೆರೆದಳು, ಒಂದು ತಿಂಗಳ ಆಮೇಲಿನದ್ದು ತೆರೆದಳು. ಎಲ್ಲದರಲ್ಲೂ ನೂರೈವತ್ತು. ತೊಂಬತ್ತು ಸಾಕ್ಷಿ ಇರುವಾಗ ಇನ್ನೇನು ಬೇಕು ಎಂದು ಅಧ್ಯಕ್ಷರು ಅಂದರಂತೆ. ಆ ಸಂಜೆ ಅಕ್ಕ ನನ್ನ ಸ್ಟೂಲಿನ ಮೇಲೆ ಕೂತು, ಆ ಕಂಬಿಯವನ ಮುಖ ನೋಡೋಕಾಗಲಿಲ್ಲ ಕಣೇ, ಸುಳ್ಳು ಹೇಳೋನ ಮುಖ ಹಾಗಿರಲ್ಲ ಎಂದಳು. ಆದರೆ ನಕಲು ಸುಳ್ಳು ಹೇಳುವುದಿಲ್ಲ ಎಂದೂ ಸೇರಿಸಿದಳು. ನಾನು ತಲೆ ಎತ್ತದೆ ಹೊಲಿದೆ.

ತಿಂಗಳ ಕೊನೆ ಬಂತು. ಎಂದಿನಂತೆ ಅಕ್ಕ ಎಲ್ಲ ಕಡತಗಳನ್ನೂ ಓದಿಸಿ, ಹೊಸ ಗುರುತುಗಳನ್ನು ಹಳೆಯ ಹಾಳೆಯ ಜೊತೆ ತಾಳೆ ನೋಡಿದಳು. ತಿಂಗಳಲ್ಲಿ ಯಾರೂ ಮುಟ್ಟಿಲ್ಲ ಎಂದು ತಾರೀಖು ಹೇಳುತ್ತಿದ್ದ ಸಾವಿರಾರು ಕಡತಗಳಲ್ಲಿ ಒಂದೇ ಒಂದು ಹೊಂದಲಿಲ್ಲ. ಅದು ಶಾಲೆಯ ಮೆಟ್ಟಿಲಿನ ನಕ್ಷೆ.

ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಅಂಕಿ ತೆಗೆದು ಇನ್ನೊಂದು ಅಂಕಿ ಇಟ್ಟರೆ ಕಡತದ ಗಾತ್ರ ಬದಲಾಗುವುದಿಲ್ಲ. ತಿದ್ದಿದ ತಾರೀಖನ್ನು ಹಿಂದಕ್ಕೆ ತಿರುಗಿಸಿ ಇಡಲು ಬಲ್ಲವರಿಗೆ ಬರುತ್ತದೆ. ಗಾತ್ರ ಅಷ್ಟೇ, ತಾರೀಖು ಅದೇ ಎಂದ ಮೇಲೆ ಅವಳ ಜಾಣ ಸಲಕರಣೆ ಕಣ್ಣೆತ್ತಿಯೂ ನೋಡುವುದಿಲ್ಲ. ತೊಂಬತ್ತು ಕಡೆ ತಿದ್ದುವ ಕಷ್ಟವೂ ಇಲ್ಲ, ಮೂಲದಲ್ಲಿ ಒಮ್ಮೆ, ನಕಲಿನಲ್ಲಿ ಒಮ್ಮೆ ತಿದ್ದಿದರೆ ಸಾಕು. ಅಕ್ಕ ಆ ಕಡತವನ್ನು ಬೇರೆ ಕಡೆ ಇಳಿಸಿಕೊಂಡು, ನೂರೈವತ್ತರ ಒಂದನ್ನು ಎರಡು ಮಾಡಿ, ಗುರುತು ಲೆಕ್ಕ ಹಾಕಿಸಿದಳು. ನಲವತ್ತೂ ಅಕ್ಷರ ಹಳೆಯ ಹಾಳೆಯ ನಲವತ್ತು ಅಕ್ಷರಕ್ಕೆ ಒಂದೊಂದಾಗಿ ಕೂಡಿಬಂದವು. ನಕ್ಷೆಯಲ್ಲಿ ಮೊದಲು ಇನ್ನೂರೈವತ್ತೇ ಇತ್ತು. ಕಂಬಿಯವನು ನಿಜ ಹೇಳಿದ್ದ. ಅವನನ್ನು ಜೈಲಿನ ಬಾಗಿಲಿಗೆ ತಂದು ನಿಲ್ಲಿಸಿದ್ದು ಅವಳ ನಕಲು.

ಆ ದಿನ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಬೀರುವಿನ ಮುಂದೆ ನಿಂತು ಡಿಸ್ಕು ತೆಗೆದಳು. ಇದೊಂದನ್ನು ಅವನು ಮುಟ್ಟಿಲ್ಲ, ಇದರಲ್ಲಿ ಹಳೆಯದೇ ಇರುತ್ತದೆ, ಇದೊಂದು ಸಾಕು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನು ಕತ್ತರಿ ಕೆಳಗಿಟ್ಟೆ.

"ಅಕ್ಕಾ, ಅದನ್ನ ಅವನಿಗೆ ಕೊಟ್ಟಿದ್ದೆ. ನೀನು ಕಳಿಸಿದ್ದಿ ಅಂದ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತು ಹೇಗೋ ಬದುಕುತ್ತಿದ್ದೆ. ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವತ್ತು ಎಂದು ಮಾತ್ರ ಕೇಳಿದಳು. ಮಂಗಳವಾರ ಎಂದೆ. ಸ್ಟೂಲಿನ ಮೇಲೆ ಕೂತಳು. ಹತ್ತು ವರ್ಷದ ತಮ್ಮ ಒಂದು ಕಡೆ, ನಲವತ್ತೆಂಟು ವರ್ಷದ ತಂಗಿ ಇನ್ನೊಂದು ಕಡೆ, ಇಬ್ಬರೂ ಸೇರಿ ಒಂದೇ ದಿನ ಅವಳ ಕುತ್ತಿಗೆ ಕೊಯ್ದಿದ್ದೆವು. ಅವನು ಲೆಕ್ಕ ಹಾಕಿ ಕೊಯ್ದ, ನಾನು ಹೊಗಳಿಕೆಗೆ ಮರುಳಾಗಿ ಕೊಯ್ದೆ. ಕುತ್ತಿಗೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಇದನ್ನು ನಾನು ಅವಳಿಗೆ ಹೇಳಿಯೂ ಹೇಳಿದೆ, ನಾಚಿಕೆಯಿಲ್ಲದೆ. ಗುರುತು ಹೊಂದಲಿಲ್ಲ ಎಂದು ಅವಳನ್ನು ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಹಾಳೆ ಹರಿದರೆ ಮುಗಿಯಿತು. ಅವಳು ನನ್ನನ್ನು ಎಷ್ಟು ಹೊತ್ತು ನೋಡಿದಳೆಂದರೆ ನಾನು ಎದ್ದು ಅಡುಗೆಮನೆಗೆ ಹೋದೆ. ಮಾರನೆಯ ದಿನ ಅವಳು ಜೇನುಬಾಯಿಯ ಬಳಿಗೂ ಹೋಗಲಿಲ್ಲ. ಹಾಳೆಗಳ ಫೈಲು ಹಿಡಿದುಕೊಂಡು ನೇರವಾಗಿ ಸಮಿತಿಗೆ ಹೋದಳು, ನನ್ನನ್ನೂ ಎಳೆದುಕೊಂಡು ಹೋದಳು.

ನಾಲ್ಕು ದಿನ ಬಿಟ್ಟು ಎಲ್ಲರನ್ನೂ ಮತ್ತೆ ಕರೆಸಿದರು. ಉದ್ದನೆಯ ಕೋಣೆ, ಮಧ್ಯೆ ಒಂದು ಮೇಜು, ಗೋಡೆಗೆ ತಾಗಿಸಿ ಕುರ್ಚಿಗಳು. ಕಂಬಿಯವನು ಬಾಗಿಲ ಬಳಿ ಪೊಲೀಸಿನವನ ಪಕ್ಕ ನಿಂತಿದ್ದ. ಅಕ್ಕ ಎಲ್ಲರೆದುರು ಅಂಕಿ ಬದಲಿಸಿ, ಗುರುತು ಕೂಡಿಬರುವುದನ್ನು ತೋರಿಸಿದಳು. ನನ್ನ ತೊಂಬತ್ತು ನಕಲು ತೊಂಬತ್ತಲ್ಲ, ಒಂದೇ ಎಂದೂ ಅವಳೇ ಹೇಳಿದಳು. ಇಪ್ಪತ್ತಾರು ವರ್ಷ ಹೊತ್ತ ಹೆಸರನ್ನು ಇಷ್ಟು ಸಲೀಸಾಗಿ ಯಾರೂ ಕೆಳಗಿಳಿಸಿದ್ದನ್ನು ನಾನು ನೋಡಿಲ್ಲ. ಸಮಿತಿ ನಂಬಿತು. ನಕ್ಷೆಯನ್ನು ಆಮೇಲೆ ತಿದ್ದಲಾಗಿದೆ ಎಂದು ಬರೆದುಕೊಂಡರು. ಇನ್ನು ತಿದ್ದಿದವರು ಯಾರು ಎಂಬುದು. ಯಂತ್ರದ ದಾಖಲೆ ತೆಗೆದರೆ, ಆ ಮಂಗಳವಾರ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ನಕಲಿನೊಳಗೆ ಹೋದ ಹೆಸರು ಅಕ್ಕನದು. ನನ್ನ ಗುಪ್ತಪದ ಅವನಿಗೂ ಗೊತ್ತು ಎಂದಳು. ಅವನೇ ಡಿಸ್ಕು ತೆಗೆದುಕೊಂಡು ಹೋದ ಎಂದು ನಾನು ಎದ್ದು ಹೇಳಿದೆ.

ಜೇನುಬಾಯಿ ನಿರಾಕರಿಸುತ್ತಾನೆ, ಕೂಗಾಡುತ್ತಾನೆ ಎಂದು ನಾನು ಸೊಂಟ ಕಟ್ಟಿಕೊಂಡು ನಿಂತಿದ್ದೆ. ಅವನು ನಿಧಾನವಾಗಿ ಎದ್ದು, ಹೌದು, ಡಿಸ್ಕು ತಂದದ್ದು ನಾನೇ, ಅಕ್ಕ ತರಲು ಹೇಳಿದ್ದರು, ತಂದುಕೊಟ್ಟೆ ಎಂದ. ಇನ್ನೂರೈವತ್ತು ಅಂತ ಬೆರಳು ಜಾರಿ ನಾನೇ ಬರೆದಿರಬಹುದು, ಆ ತಪ್ಪಿಗೆ ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ ಎಂದ. ಆಮೇಲೆ ಅಕ್ಕನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು, ದೇವರಾಣೆ ನಿಜವಾದ ನೀರು.

"ಉಳಿದದ್ದು ನಾನು ನೋಡ್ಕೋತೀನಿ ಅಂತ ಅವತ್ತು ಎಲ್ರ ಮುಂದೆ ಅಂದ್ರಿ. ನನಗೋಸ್ಕರ ಇಷ್ಟು ದೂರ ಹೋಗ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ ಅಕ್ಕ."

ಆ ದಿನ ಕೋಣೆಯಲ್ಲಿದ್ದ ನಾಲ್ಕು ಜನರೂ ಕರೆದಾಗ ಬಂದು, ಹೌದು, ಹಾಗೆ ಅಂದದ್ದು ನಿಜ ಎಂದರು. ಅವರು ಸುಳ್ಳು ಹೇಳಲಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ, ನನ್ನ ಮಾತೂ ಅವನ ಮಾತಿಗೇ ಹೊಲಿಗೆ ಹಾಕಿದ ಹಾಗೆ ಕೂತಿತು. ಹಾಗಾದರೆ ಅವಳೇ ಬಂದು ಯಾಕೆ ಒಪ್ಪಿಸಿದಳು ಎಂದು ಒಬ್ಬರು ಕೇಳಿದರು. ಮನಸ್ಸಾಕ್ಷಿ ಚುಚ್ಚಿರಬೇಕು ಎಂದು ಅಧ್ಯಕ್ಷರೇ ಉತ್ತರ ಕೊಟ್ಟುಕೊಂಡರು. ಉಂಡ ಮನೆಗೆ ಎರಡು ಬಗೆಯುವವರನ್ನು ಕೇಳಿದ್ದೆ, ಬಡಿಸಿದ ಪ್ರೀತಿಯನ್ನೇ ಹಗ್ಗ ಹೊಸೆದು ಬಡಿಸಿದವಳ ಕೊರಳಿಗೆ ಹಾಕುವವನನ್ನು ಅವತ್ತೇ ನೋಡಿದ್ದು. ಅಕ್ಕ ಅವನನ್ನೇ ನೋಡುತ್ತಿದ್ದಳು, ಗುರುತು ಹೊಂದದ ಕಡತವನ್ನು ನೋಡುವ ಹಾಗೆ.

ತೀರ್ಪು ಸಂಜೆಯ ಒಳಗೆ ಬಂತು. ಕೈತಪ್ಪಿನಿಂದಾದ ದೋಷಕ್ಕೆ ಜೇನುಬಾಯಿಗೆ ಒಂದು ವರ್ಷ ಬಡ್ತಿ ಇಲ್ಲ. ದಾಖಲೆ ತಿದ್ದಿದ್ದಕ್ಕೆ ಅಕ್ಕ ಆ ಕ್ಷಣದಿಂದ ಕೆಲಸದಲ್ಲಿಲ್ಲ, ತಾನಾಗಿ ಬಂದು ಒಪ್ಪಿಸಿದ್ದರಿಂದ ಮೊಕದ್ದಮೆ ಬೇಡ. ಕಂಬಿಯವನು ನಿರ್ದೋಷಿ.

ನಾವಿಬ್ಬರೂ ಹೊರಗಿನ ಓಣಿಯಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಅಕ್ಕ ಹಾಳೆಗಳ ಫೈಲನ್ನೂ ಅವರಿಗೇ ಒಪ್ಪಿಸಿ ಬಂದಿದ್ದಳು, ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಂಬಿಯವನು ಹೊರಗೆ ಬಂದ. ಐವತ್ತರ ಮೇಲಿನ ಮನುಷ್ಯ, ಬೆರಳುಗಳೆಲ್ಲ ಕಂಬಿ ತಿರುಚಿ ತಿರುಚಿ ಸೊಟ್ಟಗಾಗಿದ್ದವು. ಯಾರೋ ಅವನಿಗೆ ತೀರ್ಪನ್ನು ಬಿಡಿಸಿ ಹೇಳಿ, ನಮ್ಮ ಕಡೆ ಕೈ ತೋರಿಸಿದರು. ಅವನು ನೇರವಾಗಿ ಅಕ್ಕನ ಎದುರಿಗೆ ಬಂದು ನಿಂತ. ಸಿಟ್ಟು ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನಾನು ನಿಮಗೇನು ಮಾಡಿದ್ದೆ ತಾಯಿ? ಯಾರನ್ನೋ ಉಳಿಸೋಕೆ ನನ್ನನ್ನ ಯಾಕೆ ಒಳಗೆ ಹಾಕ್ಸಿದ್ರಿ?"

ನಾನು ಧಡಕ್ಕನೆ ಎದ್ದೆ. ನಿನ್ನನ್ನು ಬಿಡಿಸಿದವಳೇ ಇವಳು, ನಿನಗಾಗಿ ಎಲ್ಲ ಕಳೆದುಕೊಂಡು ಕೂತಿದ್ದಾಳೆ ಎಂದು ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು.

"ಸುಮ್ನಿರು. ಯಾವ ಸಾಕ್ಷಿ ಇದೆ ನಿನ್ನ ಹತ್ರ?"

ಕಂಬಿಯವನು ಇನ್ನೂ ಸ್ವಲ್ಪ ಹೊತ್ತು ಉತ್ತರಕ್ಕೆ ಕಾದು, ಮೆಟ್ಟಿಲಿಳಿದು ಹೋದ.